ಅತ್ತೆಯ ಒಂದು ಚಿಟಿಕೆ

ಆ ಭಾನುವಾರ ಏನೇನು ಕೆಡಬಹುದಿತ್ತು ಎಂಬುದನ್ನೆಲ್ಲ ನಾನು ವಾರದ ಮೊದಲೇ ಯೋಚಿಸಿ ಮುಗಿಸಿದ್ದೆ. ಅಕಾಲಕ್ಕೆ ಮಳೆ ಬಂದು ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳಬಹುದಿತ್ತು. ಮೊಸರಿನ ಗಡಿಗೆ ಟ್ರೇಲರಿನಲ್ಲಿ ಕುಪ್ಪಳಿಸಿ ನನ್ನ ಹೆಂಡತಿಯ ಇಳಕಲ್ ಸೀರೆಯ ಮೇಲೆ ಮಗುಚಬಹುದಿತ್ತು, ಅದಕ್ಕೆ ನಾನೇ ಕಾರಣವೆಂದು ಸಂಜೆಯೊಳಗೆ ಸಾಬೀತೂ ಆಗಬಹುದಿತ್ತು. ಬೇವಿನ ಮರದಲ್ಲಿ ಜೇನು ಕಟ್ಟಿರಬಹುದಿತ್ತು. ತೆನೆ ಸುಡಲು ಹಾಕಿದ ಬೆಂಕಿ ನಿಂತ ಜೋಳಕ್ಕೆ ಹತ್ತಬಹುದಿತ್ತು. ನಾಯಿಯೊಂದು ಹೋಳಿಗೆಯ ಗಂಟನ್ನು ಕಚ್ಚಿಕೊಂಡು ಅಣ್ಣಿಗೇರಿಯ ದಿಕ್ಕಿಗೆ ಓಡಬಹುದಿತ್ತು. ಇವೆಲ್ಲಕ್ಕಿಂತ ಘೋರವಾದದ್ದು ಇನ್ನೊಂದಿತ್ತು: ದುಮ್ಮವಾಡದಿಂದ ನನ್ನ ಸೋದರತ್ತೆ ಬರಬಹುದಿತ್ತು.

ಬಂದಳು.

ನಮ್ಮ ಅತ್ತೆ ಧಾರವಾಡ ಜಿಲ್ಲೆಯಲ್ಲಿ ಒಲೆ ಹೊತ್ತಿಸದೆಯೇ ಅತಿ ಹೆಚ್ಚು ಅಡಿಗೆ ಮಾಡಿದ ಹೆಂಗಸು. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಇದು ದೂರು.

ಶಲವಡಿಯಲ್ಲಿ ನಮ್ಮದೊಂದು ತಿಂಡಿಪೋತರ ಬಳಗವಿದೆ, ಐದಾರು ಮನೆಯವರು. ಅಧ್ಯಕ್ಷರಿಲ್ಲ, ಬ್ಯಾನರಿಲ್ಲ, ಒಂದು ವಾಟ್ಸಾಪ್ ಗುಂಪಿದೆ, ಅದರ ತುಂಬ ಬದನೆಕಾಯಿಯ ಫೋಟೋಗಳಿವೆ. ಜೋಳ ಹಾಲುಗಾಳಾಗುವ ಹೊತ್ತಿಗೆ ಯಾರಾದರೊಬ್ಬರ ಹೊಲದಲ್ಲಿ ಕೂಡುತ್ತೇವೆ. ಹಸಿ ತೆನೆ ಸುಟ್ಟು ಸೀತನಿ ತೆಗೆಯುವುದು ಹೊಲದವರ ಪಾಲು. ಉಳಿದದ್ದು ಮನೆಗೊಂದು ಪಾತ್ರೆ, ನಮ್ಮ ಮಾತಿನಲ್ಲಿ ಪಾತೇಲಿ: ಒಬ್ಬರು ಎಣಗಾಯಿ ತಂದರೆ ಇನ್ನೊಬ್ಬರು ಪುಂಡಿಪಲ್ಯೆ, ಮತ್ತೊಬ್ಬರು ಮಡಿಕೆಕಾಳಿನ ಉಸುಳಿ. ಮೊದಲ ತುತ್ತು ಭೂಮಿತಾಯಿಗೆ ಸಲ್ಲಬೇಕಾದ್ದರಿಂದ ಮನೆಯಲ್ಲಿ ಯಾರೂ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಹಿರಿಯರು ಮಾಡಿಟ್ಟ ಈ ಪದ್ಧತಿಗೆ ನಾವು ಸೇರಿಸಿಕೊಂಡ ನಿಯಮ ಒಂದೇ: ಯಾರೂ ಕೈಬೀಸಿಕೊಂಡು ಬರಬಾರದು.

ಅತ್ತೆ ಬರುವುದು ಕೈಬೀಸಿಕೊಂಡೇ! ಕಲಘಟಗಿಯ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಕಿಟಕಿಯ ಸೀಟಿಗಾಗಿ ಒಬ್ಬರನ್ನಾದರೂ ಎಬ್ಬಿಸಿ, ಅಷ್ಟು ದೂರದಿಂದ ಬರುವವಳು ಒಂದು ನಿಂಬೆಹಣ್ಣನ್ನೂ ತರುವುದಿಲ್ಲ. ನಡುವಿನ ಸಂಚಿಯಲ್ಲಿ ಹಿತ್ತಾಳೆಯ ಪುಟ್ಟ ಡಬ್ಬಿಯೊಂದಿರುತ್ತದೆ. ಅದರಲ್ಲಿ ಹುರಿದು ಕುಟ್ಟಿದ ಕಲ್ಲುಪ್ಪು. ಇಡೀ ಬಳಗದ ಪಾತೇಲಿಗಳನ್ನು ಸಾಲಾಗಿ ಇಡುವುದೇ ತಡ, ಆಕೆ ಡಬ್ಬಿ ಹಿಡಿದು ತನಿಖೆಗೆ ಹೊರಡುತ್ತಾಳೆ. ಮುಚ್ಚಳ ಎತ್ತಿ, ಹಬೆಗೆ ಮೂಗೊಡ್ಡಿ, ಕಣ್ಣು ಮುಚ್ಚಿ, "ಏನೋ ಕಡಿಮಿ ಬಿದ್ದೈತಿ ನೋಡವಾ" ಎಂದು ಒಂದು ಚಿಟಿಕೆ ಉದುರಿಸುತ್ತಾಳೆ. ರುಚಿ ನೋಡದೆ! ಆಸ್ಪತ್ರೆಯಲ್ಲಾದರೂ ಸೂಜಿ ಚುಚ್ಚುವ ಮೊದಲು ಹೆಸರು ಕೇಳುತ್ತಾರೆ.

ಇದು ನಮ್ಮ ಹೊಲಕ್ಕೆ ಸೀಮಿತವಾಗಿದ್ದರೆ ಸಹಿಸಬಹುದಿತ್ತು. ನನ್ನ ತಂಗಿಯ ಹೊಸ ಮನೆಯ ಪ್ರವೇಶಕ್ಕೆ ಕುಂದಗೋಳದಿಂದ ಅಡಿಗೆಯವರನ್ನು ಕರೆಸಿದ್ದೆವು. ಮುಖ್ಯ ಅಡಿಗೆಯವ ಎಲೆ ಅಡಿಕೆ ಹಾಕಿಕೊಳ್ಳಲು ಆಚೆ ಹೋಗಿ ಬರುವಷ್ಟರಲ್ಲಿ ಅತ್ತೆ ಸಾರಿನ ಕೊಪ್ಪರಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ನಿಂತಿದ್ದಳು. ಅಲ್ಲಿ ಚಿಟಿಕೆ ಸಾಲದೆಂದು ಮುಷ್ಟಿಗೆ ಬಡ್ತಿ ಸಿಕ್ಕಿತ್ತು.

ಅಡಿಗೆಯವ ಹೆಗಲಿನ ಟವೆಲ್ಲು ತೆಗೆದು ಮಡಚಿದ. "ಅಮ್ಮಾರ, ಅಡಿಗಿ ಯಾರದ್ರೀ ಇದು? ನಂದೋ, ನಿಮ್ದೋ?"

"ಇಬ್ಬರದೂ ಅಲ್ಲ. ಉಣ್ಣಾವ್ರದು" ಎಂದು ಅತ್ತೆ ಸ್ಟೂಲಿನಿಂದ ಇಳಿಯಲು ಅವನ ಭುಜವನ್ನೇ ಆಧಾರಕ್ಕೆ ಹಿಡಿದಳು.

ಅವನ ಸಿಟ್ಟು ಇಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಸಂಜೆ ಅವನು ಹೊರಡುವಾಗ ಕೇಳಿದ್ದೇನು? "ಆ ಅಮ್ಮಾರು ಉಪ್ಪು ಯಾವ ಅಂಗಡ್ಯಾಗ ಒಯ್ತಾರ್ರೀ?"

ಹುಬ್ಬಳ್ಳಿಯ ಖಾನಾವಳಿಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ನಾನು ರೊಟ್ಟಿ ಮುರಿಯುತ್ತಿದ್ದೆ. ಅತ್ತೆಯ ಕೈ ನನ್ನ ತಾಟಿಗೆ ಬರುವುದೆಂದು ತಾಟನ್ನು ಎದೆಗವಚಿಕೊಂಡಿದ್ದೆ. ಅದು ನನ್ನನ್ನು ದಾಟಿ ಬಾಜೂ ಟೇಬಲ್ಲಿನ ಅಪರಿಚಿತನ ಬೇಳೆಯ ಬಟ್ಟಲಿಗೆ ಹೋಯಿತು! ಹೊಡೆತ ಬಿದ್ದರೆ ಯಾರ ಕಡೆ ನಿಲ್ಲಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆ ಮನುಷ್ಯ ಒಂದು ತುತ್ತು ತಿಂದ, ಆಮೇಲೆ ಪಲ್ಯದ ಬಟ್ಟಲನ್ನೂ ಆಕೆಯ ಕಡೆ ಸರಿಸಿದ. ಇಂಥ ಜನರಿಂದಲೇ ಆಕೆ ಕೆಟ್ಟದ್ದು.

ಇಷ್ಟೆಲ್ಲ ಇದ್ದರೂ ನನ್ನ ನಿಜವಾದ ಸಂಕಟ ಬೇರೆ. ನನಗೆ ಬರುವುದು ಒಂದೇ ಅಡಿಗೆ, ಝುಣಕ. ಕಡಲೆಹಿಟ್ಟನ್ನು ಗಂಟಾಗದಂತೆ ತಿರುವಿ, ತಾಟಿಗೆ ಬಡಿದು, ಮೇಲೆ ಕೊಬ್ಬರಿ ಕೊತ್ತಂಬರಿ ಉದುರಿಸಿ, ಚೌಕ ತುಂಡುಗಳಾಗಿ ಕೊಯ್ಯುವ ಝುಣಕ. ಕೊರೊನಾದ ದಿನಗಳಲ್ಲಿ ಮನೆಯಲ್ಲಿ ಕೂತು ಕಲಿತದ್ದು. ಎಷ್ಟು ಕಡಲೆಹಿಟ್ಟು ನಮ್ಮ ಎಮ್ಮೆಯ ಪಾಲಾಯಿತು ಎಂಬುದನ್ನು ಹೆಂಡತಿ ಇನ್ನೂ ಮರೆತಿಲ್ಲ. ಈ ಝುಣಕವನ್ನು ತಿಂದು ಬಳಗದವರು ತಲೆದೂಗುತ್ತಾರೆ. ನಾನು ವಿನಯದಿಂದ ನೆಲ ನೋಡಲು ಅಣಿಯಾಗುತ್ತೇನೆ. ಅಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಬಿಡುತ್ತಾರೆ: "ಇದಕ್ಕ ಅತ್ತಿ ಕೈ ಬಿದ್ದೈತೇನು?"

ಬಿದ್ದಿರುತ್ತದೆ! ಅಲ್ಲ, ನೀವೇ ಹೇಳಿ. ಹಿಟ್ಟು ನನ್ನದು, ತೋಳುನೋವು ನನ್ನದು, ಬೊಬ್ಬೆ ಎದ್ದ ಬೆರಳು ನನ್ನದು. ಕೀರ್ತಿ ಮಾತ್ರ ದುಮ್ಮವಾಡಕ್ಕೆ. ಇದು ಯಾವ ನ್ಯಾಯ?

ಈ ವರ್ಷದ ಕೂಟ ನಮ್ಮ ಹೊಲದಲ್ಲಿ. ನನ್ನ ಹೊಲದಲ್ಲಿ, ನನ್ನ ಬೇವಿನ ಮರದ ಕೆಳಗೆ, ನನ್ನ ಝುಣಕ ನನ್ನದಾಗಿಯೇ ಉಳಿಯಬೇಕೆಂದು ಹಟ ಹುಟ್ಟಿತು. ವಾರ ಮೊದಲೇ ಫೋನು ಮಾಡಿದೆ.

"ಅತ್ತಿ, ಬರಾಕ ಬಾ. ಆದ್ರ ಈ ಸಲ ಪಾತೇಲಿಗಿ ಕೈ ಹಚ್ಚಬ್ಯಾಡ."

ಆಕೆ ಕೇಳಿದ್ದು ಒಂದೇ: "ನಿಂದಕ್ಕಷ್ಟೋ, ಎಲ್ಲಾರದಕ್ಕೋ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಿಟ್ಟು ಬಂದಾಗ ನಾನು ಊರಿಗೆಲ್ಲ ವಕೀಲನಾಗುತ್ತೇನೆ. "ಎಲ್ಲಾರದಕ್ಕೂ. ಮಂದಿ ಅಡಿಗಿ ಮಂದೀದು. ಅವರು ತಂದಿದ್ದನ್ನ ಅವರು ತಂದಂಗ ಉಣ್ಣಲಿ."

"ಆತು ತಗೋ" ಎಂದಳು.

ಅಷ್ಟು ಸುಲಭವಾಗಿ ಒಪ್ಪಿದ್ದು ನನ್ನ ನಿದ್ದೆ ಕೆಡಿಸಿತು. ಬಳಗದವರಿಗೆ ಈ ಮಾತುಕತೆಯ ಸುದ್ದಿ ಹೇಳಲಿಲ್ಲ. ಹೇಳಿದರೆ, ಅವರು ನನ್ನ ಬದಲು ಆಕೆಯ ಪರ ನಿಂತಾರೆಂಬ ಗುಮಾನಿ ಇತ್ತು.

ಭಾನುವಾರ ಬಂತು. ಆಕಾಶದಲ್ಲಿ ಒಂದು ಮೋಡವಿಲ್ಲ. ಟ್ರ್ಯಾಕ್ಟರ್ ಮದುಮಗನಂತೆ ನೆಟ್ಟಗೆ ಹೋಯಿತು. ಮೊಸರು ಗಡಿಗೆಯಲ್ಲೇ ಇತ್ತು, ಸೀರೆ ಸೀರೆಯಂತೆಯೇ ಇತ್ತು. ಬೇವಿನಲ್ಲಿ ಜೇನಿರಲಿಲ್ಲ. ಸೀತನಿ ಹದವಾಗಿ ಸುಟ್ಟು ಘಮ್ಮೆಂದಿತು. ನಾಯಿಯೊಂದು ಬಂದಿತ್ತು, ಹೋಳಿಗೆಯ ಗಂಟಿನ ಕಡೆ ನೋಡಿ ನೆರಳಲ್ಲಿ ಮಲಗಿತು. ಪಾತೇಲಿಗಳು ಸಾಲಾಗಿ ಕೂತವು. ಎಲ್ಲರೂ ಅಭ್ಯಾಸದಂತೆ ಅತ್ತೆಯ ಕಡೆ ನೋಡಿದರು. ಆಕೆ ಮರದ ಬುಡಕ್ಕೆ ಆನಿಕೊಂಡು ಕೂತಿದ್ದಳು. ಎದ್ದೇಳಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು, ಚಳಿಯಾದವರಂತೆ. ಬಿಸಿಲು ಸುಡುತ್ತಿತ್ತು.

ಭೂಮಿತಾಯಿಗೆ ಎಡೆ ಚೆಲ್ಲಿ ಬಂದು ಊಟಕ್ಕೆ ಕೂತೆವು. ನಾನು ಝುಣಕವನ್ನು ನಾನೇ ಬಡಿಸಿದೆ. ಎಲ್ಲರ ಬಾಯಿಯನ್ನೂ ಒಟ್ಟಿಗೆ ನೋಡಲು ಎರಡು ಕಣ್ಣು ಸಾಲಲಿಲ್ಲ.

ಬಳಗದಲ್ಲಿ ಕಿರಾಣಿ ಅಂಗಡಿಯ ಗೆಳೆಯನೊಬ್ಬನಿದ್ದಾನೆ. ಅವನು ಒಂದು ತುಂಡು ಝುಣಕ ತಿಂದ, ಎಣಗಾಯಿ ಮುಟ್ಟಿದ, ಉಸುಳಿ ಬಾಯಿಗೆ ಹಾಕಿಕೊಂಡ. ಆಮೇಲೆ ತಾನು ತಂದ ಶೇಂಗಾ ಚಟ್ನಿಯನ್ನೇ ನೆಕ್ಕಿ ಗಾಬರಿಯಾದ.

"ಲೇ, ನನ್ನ ನಾಲಿಗಿಗಿ ಏನರ ಆಗೈತೇನಲೇ? ಯಾವುದಕ್ಕೂ ಉಪ್ಪ ಇಲ್ಲಲ್ಲ."

ನಾನು ಒಂದೊಂದಾಗಿ ರುಚಿ ನೋಡಿದೆ. ಎಣಗಾಯಿ ಸಪ್ಪೆ. ಪುಂಡಿಪಲ್ಯೆ ಸಪ್ಪೆ. ಝುಣಕ, ನನ್ನ ಝುಣಕ, ಒದ್ದೆ ಗೋಡೆಯಂತೆ ಸಪ್ಪೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಣಗಾಯಿ ತಂದವಳು ಮೆಲ್ಲಗೆ ಬಾಯಿಬಿಟ್ಟಳು: "ಹೆಂಗೂ ಅತ್ತಿ ಹಾಕ್ತಾರಲ್ಲ ಅಂತ ನಾ ಅರ್ಧಾನ ಹಾಕಿದ್ನಿರಿ."

"ನಾನೂ ಹಂಗ ಮಾಡೀನಿ" ಎಂದಳು ಉಸುಳಿಯವಳು. ಊರಿಗೆಲ್ಲ ಉಪ್ಪು ಮಾರುವ ಅಂಗಡಿಯವನೂ ತಲೆ ತಗ್ಗಿಸಿದ.

ಹೆಂಡತಿ ನನ್ನ ಕಡೆ ತಿರುಗಿದಳು. "ನೀವಂತೂ ಪೂರಾ ಹಾಕಿದ್ದಿರಿ, ಹೌದಲ್ರಿ?"

ಎಸರು ಕುದಿಯುವಾಗ ಉಪ್ಪಿನ ಚಮಚ ಹಿಡಿದಿದ್ದು ನೆನಪಿದೆ. ಬಾಯಲ್ಲಿ ಅತ್ತೆಯನ್ನು ಬಯ್ಯುತ್ತಲೇ ಇದ್ದೆ. ಕೈ ಮಾತ್ರ ಎಂದಿನಂತೆ ಅರ್ಧಕ್ಕೆ ನಿಂತು, ಆಕೆಯ ಚಿಟಿಕೆಗೆ ಜಾಗ ಬಿಟ್ಟಿತ್ತು.

"ಅತ್ತಿ, ನಿನ್ನ ಡಬ್ಬಿ ತಗೀ ಮತ್ತ" ಎಂದೆ. ಸೋತವನ ದನಿ ಎಷ್ಟು ಸಣ್ಣಗಿರುತ್ತದೆಂದು ಅಂದೇ ತಿಳಿದದ್ದು.

"ತಂದಿಲ್ಲಪಾ. ದುಮ್ಮವಾಡದಾಗ ಇಟ್ಟ ಬಂದೇನಿ. ಕೈಯಾಗಿದ್ರ ಕೈ ಕೇಳೂದಿಲ್ಲ ನೋಡು." ಸೆರಗಿನೊಳಗಿಂದ ಎರಡೂ ಅಂಗೈಗಳನ್ನು ತೆಗೆದು ತೋರಿಸಿದಳು. "ಅಲ್ಲೆ ಸೊಸ್ತೇರು ಒಲಿ ಮುಂದ ಹೋಗಾಕ ಬಿಡೂದಿಲ್ಲ. ನಿಮಗ ಯಾಕ್ರಿ ತ್ರಾಸ, ಕುಂದರ್ರಿ ಅಂತಾರ. ಪಾಪ, ಒಳ್ಳೇವ್ರು. ನೀವೆಲ್ಲಾ ಇಲ್ಲಿಗಿ ಒಂದೊಂದು ಪಾತೇಲಿ ತರ್ತೀರಿ. ನಾ ತರಾಕಿ ಅದೊಂದ ಚಿಟಿಕಿ. ಇವತ್ತ ಖಾಲಿ ಕೈಲೆ ಬಂದು ಕುಂತೇನಿ, ನಿಮ್ಮ ಕಾಯ್ದೆ ಮುರದಂಗಾತು."

ಅಂಗಡಿಯ ಗೆಳೆಯನ ಬೈಕಿನ ಮೇಲೆ ಊರಿಗೆ ಹೋಗಿ ಉಪ್ಪು ತರುತ್ತೇನೆಂದು ಎದ್ದೆ. "ಉಣ್ಣಾಕ ಕುಂತಾವ ಏಳಬಾರದು, ಕುಂದರು" ಎಂದು ಅಂಗಿ ಹಿಡಿದು ಎಳೆದಳು. ಆಮೇಲೆ ತಾಟಿನಲ್ಲಿದ್ದ ಝುಣಕವನ್ನು ರೊಟ್ಟಿಯಲ್ಲಿ ಮುಗಿಸಿ, ತಾಟನ್ನು ಮತ್ತೆ ನನ್ನೆದುರು ಚಾಚಿದಳು. ಯಾರ ಅಡಿಗೆಯನ್ನೂ ಜನ್ಮದಲ್ಲಿ ಹೊಗಳದವಳು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಇನ್ನೊಂದೆರಡು ಹಾಕು. ಅಗದಿ ಹದ ಆಗೈತಿ."

ಅಂಥ ಸುಳ್ಳನ್ನು ನನ್ನ ತಾಯಿಯೂ ನನಗಾಗಿ ಹೇಳಿರಲಿಲ್ಲ. ಹಾಕಿದೆ. ಯಾರೂ "ಅತ್ತಿ ಕೈ ಬಿದ್ದೈತೇನು" ಎಂದು ಕೇಳಲಿಲ್ಲ. ಮೊದಲ ಬಾರಿಗೆ ಆ ಝುಣಕ ಪೂರ್ತಿ ನನ್ನದೇ ಆಗಿತ್ತು, ಸಪ್ಪೆಯೂ ಸೇರಿ.

ಮಳೆ ಬರಲಿಲ್ಲ, ಬೆಂಕಿ ಹತ್ತಲಿಲ್ಲ, ನಾಯಿ ಓಡಲಿಲ್ಲ. ಅಷ್ಟೆಲ್ಲ ಹೆದರಿದ ಆ ದಿನ ಕೆಟ್ಟದ್ದು ಇಷ್ಟೇ: ಒಂದು ಚಿಟಿಕೆ ಉಪ್ಪು ಕಡಿಮೆ ಬಿತ್ತು.