ಸ್ಕೂಟರಿಗೂ ಕೈಲ್ ಮುಹೂರ್ತ

ಮನೆಯಲ್ಲೋ ಕಚೇರಿಯಲ್ಲೋ ಏನಾದರೂ ಕೆಟ್ಟಾಗ ನಾವು ಮೊದಲು ಹುಡುಕುವುದು ಸ್ಪ್ಯಾನರನ್ನಲ್ಲ, ಅದನ್ನು ಕೆಡಿಸಿದವನನ್ನು. ಗಡಿಯಾರ ನಿಂತರೆ ಕೀ ಕೊಟ್ಟವರು ಯಾರು ಎಂದು ಕೇಳುತ್ತೇವೆ. ಸಾರು ಉಪ್ಪಾದರೆ ಉಪ್ಪಿನ ಭರಣಿ ಮುಟ್ಟಿದವರು ಯಾರು ಎಂದು ಕೇಳುತ್ತೇವೆ. ಕೆಡಿಸಿದವನು ಸಿಕ್ಕಿಬಿಟ್ಟರೆ ಅರ್ಧ ರಿಪೇರಿ ಆದಂತೆಯೇ. ಇನ್ನರ್ಧ ಆಗದೇ ಹೋದರೂ ಮನಸ್ಸು ತಣ್ಣಗಾಗುತ್ತದೆ. ಈ ವಿದ್ಯೆಯಲ್ಲಿ ನಾನು ಸಾಮಾನ್ಯನಲ್ಲ. ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರು ಬಂದೂ ಕೆಲಸ ಮಾಡಲಿಲ್ಲ ಎಂದು ಬರೆದಿಡುವುದೇ ನನ್ನ ಉದ್ಯೋಗ. ಇನ್ನೊಬ್ಬರ ತಪ್ಪು ಹುಡುಕಲು ಸಂಬಳ ತಿನ್ನುವವನಿಗೆ ತನ್ನ ತಪ್ಪು ನೋಡಿಕೊಳ್ಳಲು ಬಿಡುವಾದರೂ ಎಲ್ಲಿಂದ ಬರಬೇಕು?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ತೋಟದ ಬಿಳಿ ದೊರೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟವನು, ಹೋಗುವಾಗ ತನ್ನ ಪುಟ್ಟ ಸ್ಕೂಟರನ್ನು ನನಗೆ ಕೊಟ್ಟ. ನನ್ನ ಚಾಕರಿಗೆ ಮೆಚ್ಚಿ ಕೊಟ್ಟ ಬಹುಮಾನ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಕೊಳ್ಳುವವರು ಯಾರೂ ಸಿಗಲಿಲ್ಲವಂತೆ ಎಂದು ಬಂಗಲೆಯ ಅಡುಗೆಯವನು ಅದೇ ಊರಿಗೆ ಹೇಳಿಕೊಂಡು ತಿರುಗಿದ. ಆ ಸ್ಕೂಟರಿಗೆ ಗೇರೇ ಇರಲಿಲ್ಲ. ಎಡಗಡೆ ತಗಡಿನ ಮುಚ್ಚಳದೊಳಗೆ ಎರಡು ರಾಟೆ, ಅವೆರಡನ್ನೂ ಸುತ್ತಿದ ಒಂದು ರಬ್ಬರ್ ಬೆಲ್ಟ್, ಅಷ್ಟೇ. ಏರು ಬಂದರೆ ಎಂಜಿನ್ನಿನ ಕಡೆಯ ರಾಟೆ ತಾನಾಗಿ ಬಾಯಿ ಅಗಲಿಸುತ್ತದೆ, ಬೆಲ್ಟ್ ಒಳಕ್ಕಿಳಿಯುತ್ತದೆ, ಗಾಡಿ ನಿಧಾನವಾದರೂ ಗಟ್ಟಿಯಾಗಿ ಹತ್ತುತ್ತದೆ. ಸವಾರನಿಗೆ ಉಳಿದ ಕೆಲಸ ಗಂಭೀರವಾಗಿ ಮುಂದೆ ನೋಡುತ್ತ ಕೂರುವುದು ಮಾತ್ರ. ಅದು ನನಗೆ ಹುಟ್ಟಿನಿಂದಲೇ ಬಂದಿತ್ತು.

ಒಳಗಿನ ಈ ಗುಟ್ಟನ್ನು ಮುಚ್ಚಳ ಬಿಚ್ಚಿ ತೋರಿಸಿದವನು ಕುಂಞಿರಾಮ. ಹಣ್ಣು ಕಾಫಿಯ ಸಿಪ್ಪೆ ಬಿಡಿಸುವ ನಮ್ಮ ಪಲ್ಪಿಂಗ್ ಹೌಸಿನಲ್ಲಿ ಎಂಜಿನ್ ಡ್ರೈವರ್. ಕಣ್ಣೂರು ಕಡೆಯವನು, ಎಂಜಿನ್ನಿನ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಮಾತಾಡದವನು. ಎಲ್ಲ ತೋರಿಸಿ, ಮುಚ್ಚಳ ಹಾಕಿ, "ರೈಟರೇ, ಇದಕ್ಕೆ ನೀವು ಎಂತದೂ ಮಾಡ್ಬೇಡಿ. ಮಾಡದಿದ್ರೆ ಚಂದ ಓಡ್ತದೆ" ಎಂದ. ನನಗೆ ಸ್ವಲ್ಪ ಅವಮಾನವೇ ಆಯಿತು.

ಆ ತಿಂಗಳಲ್ಲೇ ಕೈಲ್ ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ನಮ್ಮಲ್ಲಿ ಕೋವಿ, ಕತ್ತಿಗಳನ್ನೆಲ್ಲ ಉಜ್ಜಿ, ಎಣ್ಣೆ ಹಚ್ಚಿ, ಗಂಧವಿಟ್ಟು, ತೋಕ್‌ಪೂ ಎಂಬ ಕಾಡುಹೂವನ್ನು ಸಿಕ್ಕಿಸಿ ಪೂಜೆ ಮಾಡುವ ಹಬ್ಬ. ನಮ್ಮ ಮನೆತನದ ಕೋವಿ ಅಣ್ಣನ ಹತ್ತಿರ ಇತ್ತು. ನನ್ನ ಪಾಲಿಗಿದ್ದದ್ದು ಹಿಡಿ ಸಡಿಲವಾದ ಒಂದು ಕತ್ತಿ, ಮತ್ತು ಈ ಸ್ಕೂಟರ್. ಕತ್ತಿಗೆ ಎರಡು ಹನಿ ಎಣ್ಣೆ ಸಾಕಾಯಿತು. ಉಳಿದದ್ದೆಲ್ಲ ಸ್ಕೂಟರಿಗೆ. ಹೊರಗಷ್ಟೇ ಹಚ್ಚಿದರೆ ಅದು ತೋರಿಕೆಯ ಭಕ್ತಿ ಎನ್ನಿಸಿ ಎಡಗಡೆಯ ಮುಚ್ಚಳವನ್ನೂ ಬಿಚ್ಚಿದೆ. ಬೆಲ್ಟಿಗೂ ರಾಟೆಗೂ ತೆಂಗಿನೆಣ್ಣೆ ಕೊಟ್ಟೆ, ಗಂಧವಿಟ್ಟೆ, ಹೂವನ್ನೂ ಇಟ್ಟೆ. ಹೆಂಡತಿ ಕಡುಬಿನ ಪಾತ್ರೆ ಹಿಡಿದುಕೊಂಡೇ ಬಂದು, "ರಬ್ಬರ್‌ಗೆ ಎಣ್ಣೆ ಎಂತಕೆ?" ಎಂದಳು. "ಹೆಂಗಸರಿಗೆ ಮೆಷಿನ್ ವಿಷಯ ಗೊತ್ತಾಗುವುದಿಲ್ಲ" ಎಂದೆ. ಓದುತ್ತಿರುವ ನಿಮಗೆ ಮುಂದಿನದು ಈಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲು ಎರಡು ವಾರ ಹಿಡಿಯಿತು.

ಪ್ರತಿದಿನ ಬೆಳಗ್ಗೆ ಏಳಕ್ಕೆ ಗುಡ್ಡದ ಮೇಲಿನ ಬಂಗಲೆಗೆ ಹೋಗಿ ಹೊಸ ಮ್ಯಾನೇಜರಿಗೆ ವರದಿ ಒಪ್ಪಿಸಬೇಕು. ಅವರು ನಮ್ಮವರೇ, ಮೈಸೂರು ಕಡೆಯವರು. ಆದರೆ ಬಂಗಲೆಯಲ್ಲಿ ಕೂತವರನ್ನು ದೊರೆ ಎನ್ನುವ ಅಭ್ಯಾಸ ಬಾವುಟ ಬದಲಾದಷ್ಟು ಬೇಗ ಬದಲಾಗುವುದಿಲ್ಲ. ಹಬ್ಬದ ಮರುದಿನ ಏರಿನ ಅರ್ಧಕ್ಕೆ ಬರುವಾಗ ಸ್ಕೂಟರ್ ನಿಂತೇಬಿಟ್ಟಿತು. ನಿಂತದ್ದು ಚಕ್ರ ಮಾತ್ರ, ಎಂಜಿನ್ ಹುಲಿ ಕಂಡ ದನದ ಹಾಗೆ ಕೂಗುತ್ತಿತ್ತು. ಕೈ ತಿರುವಿದಷ್ಟೂ ಕೂಗು ಜೋರು, ಓಟ ಸೊನ್ನೆ. ಕಳೆ ತೆಗೆಯಲು ಹೊರಟಿದ್ದ ಕೂಲಿ ಲೈನಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ದಾಟಿ ಹೋದರು. ಅವರಲ್ಲೊಬ್ಬಳು, "ಪಾಪ, ರೈಟರೇ ತಳ್ಳಿಕೊಂಡು ಹೋಗ್ತಾರೆ, ಅದಕ್ಕೇನು ಕಷ್ಟ ಅಂತ ಕೂಗೋದು?" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಪ್ಲಗ್ ಉಜ್ಜಿದೆ. ಪೆಟ್ರೋಲ್ ಸೋಸಿದೆ. ಬ್ರೇಕ್ ಹಿಡಿದುಕೊಂಡಿದೆಯೋ ಎಂದು ಚಕ್ರ ಎತ್ತಿ ತಿರುಗಿಸಿದೆ, ಸಲೀಸಾಗಿ ತಿರುಗಿತು. ತೋಟದ ಲಾರಿಯಲ್ಲಿ ಹೇರಿಕೊಂಡು ಮಡಿಕೇರಿಗೂ ಹೋಗಿಬಂದೆ. ಅಲ್ಲಿನ ಮೇಸ್ತ್ರಿ ಬಹಳ ಹೊತ್ತು ಗೇರ್ ಹುಡುಕಿ, ಸಿಗದೆ, ಹಾರ್ನ್ ಸರಿಮಾಡಿ ಕಳಿಸಿದ. ಹೀಗೆ ದಿನಾ ತಡ. ಒಂದು ದಿನ ದೊರೆ ಗಡಿಯಾರ ನೋಡಿ, "ಏನ್ ರೈಟರ್, ನಡ್ಕೊಂಡ್ ಬರೋವಾಗ್ಲೇ ಬೇಗ ಬರ್ತಿದ್ರಲ್ಲ?" ಎಂದರು. ಆಗ ನನ್ನ ಬಾಯಿಂದ ಆ ಮಾತು ಬಂತು: "ಕುಂಞಿರಾಮ ಅದರ ಮುಚ್ಚಳ ಬಿಚ್ಚಿದ್ದ ಸರ್. ಅವನು ಕೈಹಾಕಿದ ಮೇಲೆ ಹೀಗೆ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವನು ಬಿಚ್ಚಿದ್ದೂ ನಿಜ, ಆಮೇಲೆ ಕೆಟ್ಟದ್ದೂ ನಿಜ. ಸುಳ್ಳು ಹೇಳಲು ಧೈರ್ಯ ಬೇಕು. ನಿಜವನ್ನು ಅರ್ಧಕ್ಕೆ ನಿಲ್ಲಿಸಲು ರೈಟರ್ ಆಗಿದ್ದರೆ ಸಾಕು. ದೊರೆ, "ಆಟದ ಸಾಮಾನಿನಂಥ ಗಾಡಿ ಹಾಳು ಮಾಡಿದೋನ ಕೈಗೆ ಪಲ್ಪರ್ ಹೇಗ್ರೀ ಕೊಡೋದು?" ಎಂದರು. ವಾರದೊಳಗೆ ಕುಂಞಿರಾಮನಿಗೆ ವರ್ಗವಾಯಿತು. ತಿತಿಮತಿ ಕಡೆ ಕಾಡಿನಂಚಿನಲ್ಲಿದ್ದ ನಮ್ಮ ಇನ್ನೊಂದು ತೋಟಕ್ಕೆ, ಆನೆ ನುಗ್ಗದಂತೆ ಕಾಯುವ ವಾಚರ್ ಆಗಿ. ಆ ಆರ್ಡರ್ ಬರೆದವನೂ ನಾನೇ. ಅಕ್ಷರ ದುಂಡಗೆ ಬಂದಿತ್ತು.

ಹೊರಡುವ ಹಿಂದಿನ ದಿನ ಅವನು ಪಲ್ಪಿಂಗ್ ಹೌಸಿನ ಬೀಗದಕೈ ಕೊಡಲು ಬಂದ. ನಾನು ಅಂಗಳದಲ್ಲಿ ಸ್ಕೂಟರಿನ ಕೂಗು ಕೇಳುತ್ತ ನಿಂತಿದ್ದೆ. ಅವನೂ ಒಂದು ನಿಮಿಷ ಕೇಳಿ, "ಎಂಜಿನ್ ದುಡೀತಾ ಉಂಟು ರೈಟರೇ. ಶಕ್ತಿ ಹೋಗೂದು ದಾರೀಲಿ" ಎಂದ. ನಾನು ಕರೆದಿರಲಿಲ್ಲ, ತಾನಾಗಿ ಕೂತು ಮುಚ್ಚಳ ಬಿಚ್ಚಿದ. ಎಣ್ಣೆಗೆ ಜಾರುತ್ತಿದ್ದ ಬೆಲ್ಟ್ ಮುಟ್ಟಿ ಬೆರಳು ಮೂಸಿದ. ರಾಟೆಯ ಸಂದಿನಿಂದ ಒಣಗಿದ ಒಂದು ತೋಕ್‌ಪೂವಿನ ಎಸಳು ತೆಗೆದು ನನ್ನ ಮುಂದೆ ಹಿಡಿದು, "ಹಬ್ಬ ಜೋರಿತ್ತಲ್ಲ?" ಎಂದ. ಅಷ್ಟೇ. ರಾಟೆಗಳನ್ನು ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದ, ಬೆಲ್ಟನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿದ, ಮಿರುಗುತ್ತಿದ್ದ ಅದರ ಅಂಚುಗಳನ್ನು ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ ಜೋಡಿಸಿದ. ಹೆಂಡತಿ ಕೊಟ್ಟ ಕಾಫಿ ಕುಡಿದು ಹೋದ. ನನಗೆ ಅವನ ಮುಖ ನೋಡಲು ಆಗಲಿಲ್ಲ.

ಮರುದಿನ ದೊರೆಗೆ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿ ಹೊರಟೆ. ಇದು ನಿಜ, ನಂಬಿ. ಸ್ಕೂಟರ್ ಏರನ್ನು ಹೂವೆತ್ತಿದ ಹಾಗೆ ಹತ್ತಿತು. ಏಳಕ್ಕೆ ಇನ್ನೂ ಐದು ನಿಮಿಷ ಇತ್ತು. ವರಾಂಡದಲ್ಲಿ ನಿಂತಿದ್ದ ದೊರೆ, "ಪರವಾಗಿಲ್ವೇ! ಯಾರು ರಿಪೇರಿ ಮಾಡಿದ್ದು?" ಎಂದರು. ಹೇಳಬೇಕಾದ ಮಾತಿಗೆ ಬಾಗಿಲು ತೆರೆದು ಹಿಡಿದಂತಿತ್ತು ಆ ಪ್ರಶ್ನೆ. "ನಾನೇ ಸರ್" ಎಂದೆ. "ಭೇಷ್! ಹಾಗಾದ್ರೆ ಈ ಸೀಸನ್ನಿಗೆ ಪಲ್ಪರೂ ನೀವೇ ನೋಡ್ಕೊಳ್ಳಿ" ಎಂದರು.

ಕಾಫಿ ಹಣ್ಣಿನ ಪಿಕಿಂಗ್ ಶುರುವಾಯಿತು. ಪಲ್ಪರಿನ ಚರ್ಮದ ಬೆಲ್ಟ್ ಎಂಜಿನ್ ಹಾಕಿದ ಹತ್ತು ನಿಮಿಷಕ್ಕೆಲ್ಲ ಹಾರಿ ಬೀಳುತ್ತಿತ್ತು. ಹಣ್ಣಿನ ರಾಶಿ ಬೆಳೆಯಿತು, ಹುಳಿನಾತ ಗುಡ್ಡ ಹತ್ತಿ ಬಂಗಲೆಗೂ ಮುಟ್ಟಿತು. ಮೂರನೆಯ ದಿನ ಸ್ಕೂಟರ್ ಏರಿ ತಿತಿಮತಿಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಬರೆಯಲು ಕೈ ತುರಿಸುತ್ತಿದೆ, ಆದರೆ ಹೋದದ್ದು ಬೆಲ್ಟ್ ಯಾಕೆ ಹಾರುತ್ತದೆ ಎಂದು ಕೇಳಲು. ಕುಂಞಿರಾಮ ಅಟ್ಟಣೆಯ ಕೆಳಗೆ ಕೂತು ಗಂಜಿ ಕುಡಿಯುತ್ತಿದ್ದ, ಪಕ್ಕದಲ್ಲಿ ಆನೆ ಓಡಿಸುವ ಖಾಲಿ ಡಬ್ಬ. ಕೇಳಿದ್ದಕ್ಕೆ, "ಎಂಜಿನ್ನಿನ ಒಂದು ಕಾಲು ತಗ್ಗು ಉಂಟು. ಅಡಿಗೆ ಒಂದು ತಗಡು ಇಡಿ, ಬೆಲ್ಟ್ ನೇರ ಓಡ್ತದೆ" ಎಂದ. ಅವನು ಇಷ್ಟು ಸುಲಭವಾಗಿ ಹೇಳಿಬಿಟ್ಟದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ದೊರೆಯ ಹತ್ತಿರ ನಾನು ಆಡಿದ್ದನ್ನೆಲ್ಲ ಹೇಳಿಬಿಟ್ಟೆ.

"ಗೊತ್ತುಂಟು" ಎಂದ ಅವನು. "ದೊರೆ ಅವತ್ತೇ ಹೇಳಿದ್ರು."

"ಗೊತ್ತಿದ್ದೂ ನನ್ನ ಸ್ಕೂಟರ್ ಯಾಕೆ ಸರಿಮಾಡಿದೆ ಮಾರಾಯ?"

"ಸ್ಕೂಟರ್ ನನ್ನ ಮೇಲೆ ಎಂತ ಹೇಳಿತ್ತು ರೈಟರೇ?" ಎಂದು ಅವನು ಗಂಜಿಯ ತಟ್ಟೆ ತೊಳೆಯಲು ಎದ್ದ.

ಬಂದು ತಗಡು ಇಟ್ಟೆ. ಬೆಲ್ಟ್ ನೇರ ಓಡಿತು. ರೈಟರಿಗೆ ಎಂಜಿನ್ ವಿದ್ಯೆಯೂ ಗೊತ್ತು ಎಂದು ದೊರೆ ನಾಲ್ಕು ತೋಟಗಳಿಗೆ ಹೇಳಿದರು. ಕುಂಞಿರಾಮ ಈಗಲೂ ತಿತಿಮತಿಯಲ್ಲೇ ಡಬ್ಬ ಬಡಿಯುತ್ತಿದ್ದಾನೆ. ದೊರೆಗೆ ನಿಜ ಹೇಳುವುದು ಇನ್ನೂ ಆಗಿಲ್ಲ. ಪ್ರತಿದಿನ ಏಳಕ್ಕೆ ಸರಿಯಾಗಿ ಅವರ ಮುಂದೆ ನಿಲ್ಲುತ್ತೇನೆ, ವರದಿ ಒಪ್ಪಿಸುತ್ತೇನೆ, ಇಳಿದು ಬರುತ್ತೇನೆ. ನಿಮಗೆ ಮಾತ್ರ ಏನೂ ಮುಚ್ಚಿಡದೆ ಹೇಳಿದ್ದೇನೆ. ಆನೆ ಕಾಯಲು ನನ್ನನ್ನು ಕಳಿಸುವ ಅಧಿಕಾರ ನಿಮಗಿಲ್ಲವಲ್ಲ.