ಕಮಿಷನ್ ಮಾವ ಮತ್ತು ‘ಬಹುದು’

ನಮ್ಮ ಸೋದರಮಾವನಿಗೆ ಕಮಿಷನ್ ಎಂದರೆ ಪ್ರಾಣ. ಹೀಗೆಂದ ಕೂಡಲೇ ನೀವು ಅವರನ್ನು ದಲ್ಲಾಳಿ ಎಂದುಕೊಂಡಿರಿ, ಅಲ್ಲವೇ? ದಹಿಸರ್‌ನ ಅವರ ಚಾಳಿನವರೂ ಹಾಗೆಯೇ ಅಂದುಕೊಂಡಿದ್ದರು. ಇಸ್ತ್ರಿ ಅಂಗಿ ತೊಟ್ಟು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲ್ ಹಿಡಿದು ಲೋಕಲ್‌ಗೆ ಹೊರಟ ಮುದುಕ, ಎಲ್ಲಿಗೆ ಎಂದವರಿಗೆಲ್ಲ “ಕಮಿಷನ್ ಕಡೆ” ಎಂದು ಎದೆ ಸೆಟೆಸಿ ಹೇಳಿದರೆ ಜನ ಇನ್ನೇನು ತಿಳಿಯಬೇಕು? ಪಕ್ಕದ ಖೋಲಿಯ ಮರಾಠಿ ಅಜ್ಜಿಯಂತೂ ನನ್ನನ್ನು ಬದಿಗೆ ಕರೆದು, ಮಗಳಿಗೊಂದು ಖೋಲಿ ನೋಡಬೇಕು, ನಿಮ್ಮ ಮಾಮಾ ಎಷ್ಟು ಪರ್ಸೆಂಟ್ ತಗೊಳ್ತಾರೆ ಎಂದು ಕೇಳಿದ್ದಳು.

ಇದು ಆ ಕಮಿಷನ್ ಅಲ್ಲ. ಕರೆಂಟಿನ ದರ ಇಷ್ಟರ ಮೇಲೆ ಹೋಗಕೂಡದು ಎಂದು ಕಂಪನಿಗಳಿಗೆ ಕಟ್ಟಪ್ಪಣೆ ಮಾಡುವ ಅಧಿಕಾರವಿರುವ ಆಯೋಗ. ಮಾವ ಅದರ ಹಿಂದೆ ಬಿದ್ದದ್ದಕ್ಕೆ ಕಾರಣವಿತ್ತು. ಅತ್ತೆಗೆ ಎದೆಯ ಬೇನೆ. ಪರೇಲ್‌ನ ಆಸ್ಪತ್ರೆಯವರು ಮನೆಯಲ್ಲೇ ಆಕ್ಸಿಜನ್ ಮಷೀನ್ ಇಡಿಸಿದ್ದರು. ಊಟ, ಸ್ನಾನದ ಹೊತ್ತು ಬಿಟ್ಟರೆ ಉಳಿದಂತೆ ಅದು ನಡೆಯುತ್ತಲೇ ಇರಬೇಕು. ಅದು ಅತ್ತೆಗೆ ಉಸಿರು ಕೊಡುತ್ತದೆ, ತಾನು ಕರೆಂಟ್ ಕುಡಿಯುತ್ತದೆ. ಆ ಚಾಳಿಗೆಲ್ಲ ಕಂಪನಿಯ ಮೀಟರ್ ಒಂದೇ, ಅದೂ ಮಾಲಕನ ಹೆಸರಿನಲ್ಲಿ. ಪ್ರತಿ ಖೋಲಿಯೊಳಗೂ ಅವನೇ ಒಂದೊಂದು ಸಬ್‌ಮೀಟರ್ ಬಡಿದು, ಮನಸ್ಸಿಗೆ ಬಂದ ದರ ಹಾಕುತ್ತಾನೆ. ಬಿಲ್ ಎಂಬ ಕಾಗದವಿಲ್ಲ. ಬಾಗಿಲ ಪಕ್ಕ ತೂಗುಹಾಕಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಾನೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ವಿಜಯಪುರದ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷ ಈ ಊರಿನ ಬಿಲ್ಡಿಂಗ್‌ಗಳಿಗೆ ವೈರಿಂಗ್ ಮಾಡಿದ್ದೇನೆ. ನನ್ನ ಕೈಯ ಒಂದು ಜೋಡಣೆಯೂ ಇವತ್ತಿನವರೆಗೆ ಸುಟ್ಟಿಲ್ಲ. ಇದನ್ನು ಜಂಬವೆನ್ನುವವರು ನಾನು ಕೆಲಸ ಮಾಡಿದ ಮನೆಯ ಸ್ವಿಚ್‌ಬೋರ್ಡ್ ಬಿಚ್ಚಿ ನೋಡಲಿ. ಆದರೆ ಮಾವನೆದುರು ನನ್ನ ವಿದ್ಯೆ ನಡೆಯುತ್ತಿರಲಿಲ್ಲ.

“ಅಳಿಯಾ, ಸೀಲಿಂಗ್ ಅಂದ್ರೇನು ಹೇಳು.”

“ಫ್ಯಾನ್ ತೂಗ್ಹಾಕೋದು, ಮಾಮಾ.”

“ಅದಕ್ಕ ನೀ ಇನ್ನೂ ನಿಚ್ಚಣಿಕಿ ಮ್ಯಾಲ ಅದೀ. ಸೀಲಿಂಗ್ ಅಂದ್ರ ದರದ ಮ್ಯಾಲಿನ ಛತ್ತು. ಅದಕ್ಕಿಂತ ಮ್ಯಾಲ ಹೋದ್ರ ತೆಲಿ ಬಡೀತೈತಿ.”

“ಯಾರ ತೆಲಿ?”

“ಮಾಲಕಂದು.”

ವಿದ್ಯುತ್ ಕಾಯ್ದೆಯ ಹಿಂದಿ ಪುಸ್ತಕವನ್ನು ಫೋರ್ಟ್‌ನ ಫುಟ್‌ಪಾತಿನಲ್ಲಿ ಕೊಂಡು ತಂದರು. ಕಾಲೇಜಿಗೆ ಹೋಗುವ ನನ್ನ ಮಗಳನ್ನು ಕೂರಿಸಿಕೊಂಡು ಸಾಲುಸಾಲಾಗಿ ಕನ್ನಡ ಮಾಡಿಸಿದರು. ಅವಳ ಕನ್ನಡವೋ ಸ್ಲೋ ಲೋಕಲ್. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಒಂದೇ ಪ್ರದೇಶದಲ್ಲಿ ಕರೆಂಟ್ ಮಾರುವವರು ಇಬ್ಬರಿದ್ದರೆ ಆಯೋಗ ಗರಿಷ್ಠ ದರವನ್ನಷ್ಟೇ ಗೊತ್ತುಮಾಡಬಹುದು ಎಂಬಲ್ಲಿಗೆ ಗಾಡಿ ಬಂತು. ಮಾವ ಚೈನ್ ಎಳೆದರು.

“ಮಾಡಬಹುದಾ? ಮಾಡಬೇಕು ಅಂತ ಇಲ್ಲೇನು? ಚಂದಂಗ ನೋಡವ್ವಾ.”

“ಇಲ್ಲ ಅಜ್ಜಾ. ‘ಕರ್ ಸಕೇಗಾ’ ಅಂತಾನೇ ಇದೆ.”

“ಈ ಸಕೇಗಾ ಯಾರಿಗೆ ಬೇಕಾಗೇತಿ? ಉಣಬಹುದು ಅಂತ ನಾ ಅಂದ್ರ ನಿಮ್ಮಜ್ಜಿ ತಾಟ್ ಹಾಕ್ತಾಳೇನು?”

“ಹಾಕಬಹುದು,” ಎಂದರು ಮಂಚದ ಮೇಲಿಂದ ಅತ್ತೆ, ಮೂಗಿನ ನಳಿಗೆ ಸರಿಮಾಡಿಕೊಳ್ಳುತ್ತ.

ಅಂದಿನಿಂದ ಆ ಮನೆಯಲ್ಲಿ ‘ಬಹುದು’ ನಿಷಿದ್ಧವಾಯಿತು. ಮಳೆ ಬರಬಹುದು ಎಂದರೆ, “ಬರತೈತೋ ಇಲ್ಲೋ, ಒಂದು ಆದೇಶ ಹೇಳು” ಎನ್ನುವರು. ನಾಳೆ ಬರಬಹುದು ಎಂದ ಗ್ಯಾಸಿನವನಿಗೆ ಕಾಯ್ದೆಯ ಪುಸ್ತಕ ತೋರಿಸಿದರು. ಅವನು ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ.

ಕೊನೆಗೆ ಸುನಾವಣಿಯ ದಿನ ಬಂತು. ಸುನಾವಣಿ ಎಂದರೆ ದರದ ಬಗ್ಗೆ ಆಯೋಗ ಜನರ ಮಾತು ಕೇಳುವ ಸಭೆ. ಹಿಂದಿನ ಸಂಜೆ ಮಾವ ನನ್ನ ಕೈಯಿಂದಲೇ ಬಾಗಿಲ ಪಕ್ಕದ ಆ ಹಲಗೆ ಬಿಚ್ಚಿಸಿದರು.

“ಇದ್ಯಾಕ ಮಾಮಾ?”

“ಬಿಲ್ ಕೇಳಿದ್ರ ಏನ್ ತೋರಸ್ಲಿ? ಸಾಕ್ಷಿ ಬೇಕಪಾ, ಸಾಕ್ಷಿ.”

ಬೆಳಗಿನ ಹೊತ್ತಿನ ಲೋಕಲ್ಲಿನಲ್ಲಿ ಹಲಗೆ ಹಿಡಿದು ನಿಂತಿದ್ದೀರಾ ಎಂದಾದರೂ? ನಾನು ನಿಂತಿದ್ದೇನೆ. ಅಂಧೇರಿಯಲ್ಲಿ ಹತ್ತಿದ ಜನ ನನ್ನನ್ನೂ ಹಲಗೆಯನ್ನೂ ಒಂದೇ ಮಾಡಿಬಿಟ್ಟರು. ಫೋರ್ಟ್‌ನ ಆ ಹಾಲ್‌ನಲ್ಲಿ ಕಂಪನಿಯ ಕಪ್ಪು ಕೋಟಿನ ವಕೀಲರೆಲ್ಲ ಮುಗಿಸಿದ ಮೇಲೆ ಮಾವನ ಪಾಳಿ. ಎದ್ದು ನಿಂತು ಕೈಮುಗಿದು, ತಮ್ಮ ವಿಜಯಪುರದ ಹಿಂದಿಯಲ್ಲಿ ಒಂದೇ ಮಾತು ಹೇಳಿದರು: “ಸಾಹೇಬ್, ಕಾಯ್ದೇ ಮೇ ಸೇ ವೋ ‘ಸಕೇಗಾ’ ನಿಕಾಲ್ ದೋ.”

ಹಾಲ್ ನಕ್ಕಿತು. ಎದುರಿನ ಮೇಜಿನ ನಡುವೆ ಕುಳಿತ ಆಯೋಗದ ಹಿರಿಯರು ಮಾತ್ರ ನಗಲಿಲ್ಲ. ಕಾಯ್ದೆಯಲ್ಲಿನ ಶಬ್ದ ತೆಗೆಯುವುದು ಸಂಸತ್ತಿನ ಕೆಲಸ ಬಾಬಾ, ನಮ್ಮ ಕೆಲಸ ಆ ಶಬ್ದವನ್ನು ಬಳಸುವುದು ಎಂದು ತಿಳಿಸಿ ಹೇಳಿ, ನಿಮ್ಮ ಬಿಲ್ ತೋರಿಸಿ ಎಂದರು. ಮಾವ ಗತ್ತಿನಿಂದ ಹಲಗೆ ಎತ್ತಿ ಹಿಡಿದರು. ಹಲಗೆ ಸ್ವಚ್ಛವಾಗಿತ್ತು. ಮಾವ ಹಲಗೆ ನೋಡಿದರು, ನನ್ನ ಕಡೆ ತಿರುಗಿದರು.

“ಬಿಲ್ ನಮ್ಮ ಅಳಿಯನ ಅಂಗೀ ಮ್ಯಾಲ ಐತ್ರೀ ಸಾಹೇಬ್ರ.”

ನನ್ನ ಕರಿ ಅಂಗಿಯ ಎದೆಯ ಮೇಲೆ ಮಾಲಕನ ಅಂಕಿಗಳು ತಿರುಗುಮುರುಗಾಗಿ ಕೂತಿದ್ದವು. ಇಪ್ಪತ್ತೆರಡು ವರ್ಷದ ದುಡಿಮೆಯಲ್ಲಿ ನನಗೆ ಅಷ್ಟು ನಾಚಿಕೆಯಾದ ದಿನ ಇನ್ನೊಂದಿಲ್ಲ. ಆ ಹಿರಿಯರು ಬಗ್ಗಿ ಅದನ್ನೂ ಓದಲು ನೋಡಿದರು. ಗೊತ್ತುಮಾಡಿದ ದರಕ್ಕಿಂತ ಹೆಚ್ಚು ವಸೂಲಿ ಮಾಡಲು ಮಾಲಕನಿಗೆ ಹಕ್ಕಿಲ್ಲ, ನಿಮ್ಮ ಹೆಸರಿನಲ್ಲೇ ಬೇರೆ ಮೀಟರ್ ಕೇಳಿ ಎಂದು ಹೇಳಿ, ಮಾವನಿಂದ ಅದಕ್ಕೊಂದು ಅರ್ಜಿ ಬರೆಸಿಕೊಳ್ಳಲು ಗುಮಾಸ್ತರಿಗೆ ತಿಳಿಸಿದರು. ಕೈಗೆ ಬಂದದ್ದು ಅರ್ಜಿ ತಲುಪಿದೆ ಎಂದು ಮರಾಠಿಯಲ್ಲಿ ಠಸ್ಸೆ ಒತ್ತಿದ ಪೋಚು, ಒಂದು ಚೀಟಿ, ಅಷ್ಟೇ. ಮೀಟರ್ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಗುಮಾಸ್ತರು, “ಎರಡು ತಿಂಗಳಲ್ಲಿ ಬರಬಹುದು” ಎಂದರು. ಮಾವ ಜಗಳಕ್ಕೆ ಹೋಗಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮಧ್ಯಾಹ್ನ ದಹಿಸರ್‌ನ ಖೋಲಿಯ ಬಾಗಿಲು ದೂಡಿದಾಗ ಒಳಗೆ ಸದ್ದಿಲ್ಲ. ಸದಾ ಗೊರಗುಟ್ಟುವ ಮಷೀನ್ ಸುಮ್ಮನಿತ್ತು. ನಮ್ಮನ್ನು ಕಂಡು ಅತ್ತೆ ಗಡಬಡಿಸಿ ನಳಿಗೆಯನ್ನು ಮೂಗಿಗೆ ಏರಿಸಿಕೊಂಡರು. ಲೈಟ್ ಹೋಗಿತ್ತೇ ಎಂದರೆ ಮೇಲೆ ಫ್ಯಾನ್ ತಿರುಗುತ್ತಿದೆ. ಮಷೀನ್ ಮುಟ್ಟಿ ನೋಡಿದೆ. ತಣ್ಣಗಿತ್ತು. ನಾವು ಹೋದಾಗಲೇ ಬಂದ್ ಮಾಡಿದ್ದಾರೆ.

ಮಂಚದ ಎದುರಿಗೇ ಸಬ್‌ಮೀಟರ್. ಮಷೀನ್ ಹಚ್ಚಿದರೆ ಅದರ ಕೆಂಪು ದೀಪ ಟಕ್ ಟಕ್ ಎಂದು ಮಿಟುಕುತ್ತದೆ, ಮಿಟುಕಿದಷ್ಟೂ ದುಡ್ಡು. ಮಾವ ಹೊರಗೆ ಕಾಲಿಟ್ಟಾಗಲೆಲ್ಲ ಅದನ್ನು ನೋಡಿ ನೋಡಿ, ಸಾಕು ಎಂದು ಅತ್ತೆ ಸ್ವಿಚ್ ಬಂದ್ ಮಾಡುತ್ತಿದ್ದರು. ಮಾವನ ಮುಖ ನೋಡಿದೆ. ಅವರಿಗೆ ಇದು ಹೊಸದಲ್ಲ.

ಅವರು ಪೋಚನ್ನು ಅತ್ತೆಯ ಕೈಗಿಟ್ಟರು. “ತೊಗೋ, ಆರ್ಡರ್ ಬಂತು. ದರಕ್ಕ ಸೀಲಿಂಗ್ ಹಾಕಿದ್ರು.”

ಮರಾಠಿ ಓದಲು ಬಾರದ ಅತ್ತೆ ಠಸ್ಸೆಯ ಮೇಲೆ ಬೆರಳಾಡಿಸಿದರು. “ಖರೇನೇನೋ ತಮ್ಮಾ?” ಎಂದು ನನ್ನನ್ನು ಕೇಳಿದರು.

“ಖರೇ ಅತ್ತಿ,” ಎಂದೆ.

“ಅಂದ್ರ ಇನ್ನ ದಿನಾಪೂರ್ತಿ ಹಚ್ಚಬಹುದೇನ್ರೀ?”

ಮಾವ ಆ ಶಬ್ದಕ್ಕೆ ಈಗ ಸಿಡಿಯುತ್ತಾರೆಂದು ಕಾದೆ. ಅವರು ಬಗ್ಗಿ, ಅತ್ತೆಯ ಕಿವಿಯ ಹಿಂದೆ ನಳಿಗೆ ಸರಿಮಾಡಿದರು.

“ಹಚ್ಚಬಹುದು,” ಎಂದರು.

ನಾನು ಸ್ವಿಚ್ ಹಾಕಿದೆ. ಮಾವ ಫೈಲ್ ಎದೆಗವುಚಿಕೊಂಡು, ಮೀಟರಿಗೆ ಬೆನ್ನು ಕೊಟ್ಟು, ಆ ಕೆಂಪು ದೀಪ ಅತ್ತೆಗೆ ಕಾಣದಂತೆ ನಿಂತುಕೊಂಡರು.