ಡಾಬಕಾದ ಚಿಪ್ಪುಸೀಗಡಿಗೆ ಹೆಸರಿಟ್ಟವರಿಗೆ

ಔರಾದ, ಫಸಲಿ ೧೩೨೪

ಜೀವಜಂತುಗಳ ನಾಮಕರಣದ ಭಾರ ಹೊತ್ತ, ವಸ್ತುಸಂಗ್ರಹಾಲಯದ ಮಾನ್ಯ ಪಂಡಿತರೇ,

ಔರಾದಿನ ಟಪಾಲು ಗುಮಾಸ್ತ ಬಕ್ಕಪ್ಪನ ಶರಣು ಶರಣಾರ್ಥಿಗಳು. ತಾವು ಕ್ಷೇಮವಾಗಿರುವಿರೆಂದೂ ತಮ್ಮ ಹೆಸರು ಇನ್ನೂ ಹಳೆಯದೇ ಇರುವುದೆಂದೂ ನಂಬಿದ್ದೇನೆ.

ನಾಲ್ಕು ಮಳೆಗಾಲಗಳ ಹಿಂದೆ ಡಾಬಕಾದ ಶಾಲುಬಾಯಿ, ಕುರಿಗಳಿಗೆ ನೀರು ಕುಡಿಸುವ ಹೊಂಡದಲ್ಲಿ ಈಸುತ್ತಿದ್ದ ಚಿಪ್ಪಿನ ಹುಳವೊಂದನ್ನು ತಂಬಿಗೆಯಲ್ಲಿ ನನ್ನ ಕಚೇರಿಗೆ ತಂದದ್ದನ್ನೂ, ಲಿಂಗ ಕಟ್ಟಿದ ನಾನು ಸಾರಾಯಿ ಅಂಗಡಿಯ ಮೆಟ್ಟಿಲೇರಿ ತಂದ ದ್ರವದಲ್ಲಿ ಅದನ್ನು ಮುಳುಗಿಸಿ ತಮಗೆ ಕಳಿಸಿದ್ದನ್ನೂ ತಾವು ಮರೆತಿರಲಾರಿರಿ. ಹೊಸ ಜೀವಿಯಾದರೆ ಆಕೆಯದೇ ಹೆಸರಿಡುವುದಾಗಿ ತಾವು ಉದಾರವಾಗಿ ಬರೆದಿರಿ. ಮಕ್ಕಳಿಲ್ಲದ ಆ ತಾಯಿ ಅಂದೇ ಊರಿಗೆಲ್ಲ ನಾಮಕರಣದ ಗುಗ್ಗರಿ ಹಂಚಿದಳು.

ಮೊದಲ ವರ್ಷ ಅದು ಬರಿಯ ಕಪ್ಪೆಚಿಪ್ಪೆಂದು ತಿಳಿಸಿದಿರಿ. ಆಕೆಗೆ ಓದಿ ಹೇಳಿದೆ. “ಚಿಪ್ಪಿಗಿ ಕಾಲ ಇರ್ತಾವೇನ್ರಿ? ಎಣಿಸಿ ನೋಡ್ರಿ ಅಂತ ಬರೀರಿ” ಎಂದಳು. ತಾವು ಎಣಿಸಿದಿರಿ; ಮರುವರ್ಷ ಅದನ್ನು ಸೀಗಡಿಯ ಬಳಗಕ್ಕೆ ಸೇರಿಸಿ, ಎಸ್ತೇರಿಯಾ ಎಂಬ ಮನೆತನದಲ್ಲಿ ದಾಖಲಿಸಿದಿರಿ. ಮೂರನೆಯ ವರ್ಷ, ಆ ಹೆಸರನ್ನು ಮೊದಲೇ ಒಂದು ನೊಣಕ್ಕೆ ಇಟ್ಟುಬಿಟ್ಟಿದ್ದಾರೆಂದೂ, ಆದ್ದರಿಂದ ಸೀಗಡಿಯ ಮನೆತನವೇ ಹೆಸರು ಬಿಡಬೇಕೆಂದೂ ಅಪ್ಪಣೆಯಾಯಿತು. ನೊಣದ ಹಕ್ಕನ್ನು ಇಷ್ಟು ನಿಷ್ಠೆಯಿಂದ ಕಾಯುವ ಕಚೇರಿ ನಮ್ಮ ಬೀದರ, ಭಾಲ್ಕಿಗಳಲ್ಲಿ ಎಲ್ಲಿಯೂ ಇಲ್ಲ.

ಈ ವರ್ಷದ ಪತ್ರದಲ್ಲಿ ಮನೆತನಕ್ಕೆ ಬೇರೆ ಹೆಸರು ಬಂದಿದೆ. ಹುಳ ಹೊಸದೆಂಬುದೂ ಖಚಿತವಾಗಿದೆ. ಆದರೆ ಅದಕ್ಕೆ ಇಟ್ಟ ಹೆಸರು, ಒಂದು ಮಧ್ಯಾಹ್ನ ಆ ಹೊಂಡದ ದಂಡೆಯಲ್ಲಿ ಕುಳಿತು ಚಹಾ ಕುಡಿದು ಹೋದ ಸಾಹೇಬರೊಬ್ಬರದು.

ಇದನ್ನು ಓದಿ ಹೇಳುವುದೂ ನನ್ನದೇ ನೌಕರಿಯಾಗಿತ್ತು. ಶಾಲುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, “ಪಾಪ, ಸಾಹೇಬರಿಗೂ ಮಕ್ಕಳಿಲ್ಲೇನ್ರಿ?” ಎಂದು ಕೇಳಿದಳು. ಸಾಹೇಬರಿಗೆ ಐವರು ಮಕ್ಕಳೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಇಲ್ಲವೆಂದೆ. ಹಾಗಾದರೆ ಇರಲಿ ಬಿಡಿರೆಂದು ಆಕೆ ಎದ್ದು ಹೋದಳು.

ಆಕೆ ಬಿಟ್ಟರೂ ನಾನು ಬಿಡಲಾರೆ. ನೊಣ ತನ್ನ ಹೆಸರನ್ನು ಮರಳಿ ಕೊಡುವುದೋ ಎಂದು ತಾವು ಅದಕ್ಕೊಂದು ಕಾಗದ ಬರೆದು ಕೇಳಬೇಕು. ಪ್ರತಿ ಮಳೆಗಾಲ ಹೊಂಡದ ಬಳಿ ಡಂಗುರ ಹೊಡೆಸಿ, ಆ ವರ್ಷ ಅವು ಯಾವ ಮನೆತನದವೆಂಬುದನ್ನು ಹುಳಗಳಿಗೆ ತಿಳಿಸಬೇಕು. ಇವೆರಡೂ ಕಷ್ಟವೆನಿಸಿದರೆ ಶಾಲುಬಾಯಿಯ ಹೆಸರನ್ನೇ ಇಟ್ಟುಬಿಡಬೇಕೆಂದು ಬೇಡುವ,

ತಮ್ಮ ಟಪಾಲು ಒಡೆಯಲು ಈಗ ಅಂಜುವ ವಿಶ್ವಾಸಿ,
ಬಕ್ಕಪ್ಪ

ತಾಜಾ ಕಲಂ: ಹೊಂಡದ ಒಣಮಣ್ಣನ್ನು ಪೊಟ್ಟಣ ಕಟ್ಟಿ ಕಳಿಸಿದ್ದೇನೆ. ನೀರು ಹಾಕಿದರೆ ಅದರಲ್ಲಿರುವ ಮೊಟ್ಟೆಗಳೊಡೆದು ಕೆಲವೇ ದಿನಗಳಲ್ಲಿ ಹುಳಗಳು ಹುಟ್ಟುತ್ತವೆ. ಸಾಹೇಬರ ಹೆಸರು ಹಿಡಿದು ಕೂಗಿ ನೋಡಿರಿ. ಒಂದಾದರೂ ತಿರುಗಿ ನೋಡಿದರೆ ಮರುಟಪಾಲಿನಲ್ಲಿ ತಿಳಿಸಿರಿ.